ಕ್ರೇನ್ ಏರಿದ ಸೊಸೆ

ಇಟ್ಟಿಗೆ ಹೊರುತ್ತಿದ್ದ ಸೊಸೆ ಕ್ರೇನ್ ನಡೆಸುವ ಪರೀಕ್ಷೆ ಪಾಸಾದಾಗ ಮೇಸ್ತ್ರಿ ಮೂಗು ಮುರಿದ. "ಅದು ಗಂಡಸರ ಕೆಲಸ."

ಅವಳ ಜೊತೆಯಲ್ಲೇ ಇಟ್ಟಿಗೆ ಹೊರುತ್ತಿದ್ದ ಅತ್ತೆ ಸೊಂಟಕ್ಕೆ ಕೈಯಿಟ್ಟು ನಿಂತಳು. "ಅಲ್ಲಪ್ಪಾ, ಕ್ರೇನೇನು ಮೀಸೆ ನೋಡಿ ಕೆಲಸ ಮಾಡುತ್ತಾ?"

ಎಂಜಿನಿಯರಮ್ಮ ನಕ್ಕು ಕೆಲಸ ಕೊಟ್ಟೇಬಿಟ್ಟರು. ಮೊದಲ ದಿನವೇ ಸೊಸೆ ಕಬ್ಬಿಣದ ಕಂಬಿಗಳ ಹೊರೆಯನ್ನು ಹೂವಿನಂತೆ ಎತ್ತಿ ಮೇಲಿನ ಮಹಡಿಯಲ್ಲಿ ಇಳಿಸಿದಳು.

ಮೇಸ್ತ್ರಿ ವಾಕಿಟಾಕಿಯಲ್ಲಿ ಕೇಳಿದ, "ಏನಮ್ಮಾ, ತಲೆ ತಿರುಗ್ತಿದೆಯಾ?"

"ತಿರುಗ್ತಿದೆ ಸಾರ್, ಖುಷಿಗೆ!"

ಅತ್ತೆ ವಾಕಿಟಾಕಿ ಕಿತ್ತುಕೊಂಡಳು. "ಲೇ, ನಮ್ಮನೆ ಕಾಣುತ್ತಾ? ನಿನ್ನ ಗಂಡ ಬಟ್ಟೆ ಒಣಗಿಹಾಕಿದನಾ ನೋಡೇ!"

"ಹಾಕ್ತಿದ್ದಾರೆ ಅತ್ತೆ! ನಿಮ್ಮ ಬೆಡ್‌ಶೀಟ್ ಬೀಸಿ ನನಗೆ ಟಾಟಾ ಮಾಡ್ತಿದ್ದಾರೆ!"

ಕೆಳಗೆ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು, ಮೇಸ್ತ್ರಿಯೂ ಕೂಡ. ಅಂದು ಸಂಜೆಯೇ ಇನ್ನಿಬ್ಬರು ಹೆಂಗಸರು ಕ್ರೇನ್ ಕಲಿಯಲು ಮುಂದೆ ಬಂದರು.