ಅಕ್ಕನ ಫಿರಂಗಿ

ಕೋಟೆ ನೋಡಲು ಜನ ದೂರದೂರದಿಂದ ಬರುತ್ತಾರಂತೆ. ನಾನು ಹೋಗುತ್ತಿದ್ದದ್ದು ಅಕ್ಕನನ್ನು ನೋಡಲು. ನಮ್ಮ ಯಜಮಾನರು ತೀರಿಕೊಂಡ ಮೇಲೆ ವರ್ಷಕ್ಕೊಮ್ಮೆ ಅವಳ ಹತ್ತಿರ ಹೋಗಿ ಇದ್ದು ಬರುವುದು ರೂಢಿಯಾಗಿತ್ತು. ಭಾವ ಕೋಟೆಯ ಕಾವಲುಗಾರರು. ಹೆಬ್ಬಾಗಿಲ ಪಕ್ಕದ ಒಂದೇ ಕೋಣೆಯಲ್ಲಿ ಸಂಸಾರ. ಊರೋ, ಮಧ್ಯಾಹ್ನವಾದರೆ ನಾಯಿಗೂ ಬೊಗಳಲು ಬೇಜಾರು.

ಅಕ್ಕನಿಗೆ ಕೋಟೆ ಕಟ್ಟಿಸಿದ ರಾಜನ ಮೇಲೆ ಸಿಟ್ಟು. "ಇಷ್ಟು ಕಲ್ಲು ಹೊರಿಸಿದ, ಬಟ್ಟೆ ಒಣಗ್ಸೋಕೆ ಒಂದು ಜಾಗ ಬಿಟ್ನಾ ಪುಣ್ಯಾತ್ಮ?" ಕಡಲ ಗಾಳಿಗೆ ಹಗ್ಗದ ಮೇಲಿನ ಬಟ್ಟೆ ಮಾರನೆಯ ದಿನವೂ ಜಿಗುಟು. ಬಿಸಿಲಿಗೆ ಕಾದ ಫಿರಂಗಿಯ ಮೇಲೆ ಹರವಿದರೆ ಅಡುಗೆ ಆಗುವಷ್ಟರಲ್ಲಿ ಗರಿಗರಿ. ಹಾಗಾಗಿ ಮದುವೆಯಾಗಿ ಬಂದಾಗಿನಿಂದ ದೊಡ್ಡ ಫಿರಂಗಿ ಅವಳದೇ.

ಒಂದು ವರ್ಷ ನಾನು ಅಲ್ಲಿದ್ದಾಗಲೇ ಕೋಟೆಯ ಉಸ್ತುವಾರಿಗೆ ಹೊಸ ಸಾಹೇಬರು ಬಂದರು. ಇನ್ನೊಮ್ಮೆ ಫಿರಂಗಿಯ ಮೇಲೆ ಬಟ್ಟೆ ಕಂಡರೆ ಕೋಣೆ ಖಾಲಿ ಮಾಡಿಸುತ್ತೇನೆ ಎಂದು ಹೇಳಿ ಹೋದರು. ಅಕ್ಕ ಕೆಲವು ದಿನ ಬಟ್ಟೆಯನ್ನು ಹಗ್ಗಕ್ಕೇ ಹಾಕಿದಳು. ಆಮೇಲೊಂದು ದಿನ ನಾವಿಬ್ಬರೂ ಬಟ್ಟೆ ಹರವಿ ಕೂತಿದ್ದಾಗ ಭಾವ ಏದುಸಿರು ಬಿಡುತ್ತ ಬಂದರು.

"ಸಾಹೇಬ್ರ ಜೀಪು ಬಂತು ಕಣೇ. ಇವತ್ತು ಬೀದಿಗೆ ಬಿದ್ವಿ."

"ಬೀಳೋದು ಆಮೇಲೆ. ಅವರನ್ನ ನಿಧಾನಕ್ಕೆ ಕರ್ಕೊಂಡು ಬನ್ನಿ."

ಕೋಣೆಗೆ ಓಡಿದರೆ ಅವರೇ ಎದುರಾಗುತ್ತಾರೆ. ಇದ್ದಬದ್ದ ಬಟ್ಟೆಯನ್ನೆಲ್ಲ ಇಬ್ಬರೂ ಸೇರಿ ಫಿರಂಗಿಯ ಬಾಯಿಗೆ ತುರುಕಿದೆವು.

ಸಾಹೇಬರಿಗೆ ಖುಷಿಯೋ ಖುಷಿ. "ಈಗ ನೋಡಿ, ಕೋಟೆ ಕೋಟೆ ಥರ ಇದೆ" ಎಂದು ಫಿರಂಗಿಯ ಬಾಯಿಯ ಪಕ್ಕ ಎದೆಯುಬ್ಬಿಸಿ ನಿಂತು, ವರದಿಗೊಂದು ಫೋಟೋ ತೆಗೆ ಎಂದು ಡ್ರೈವರಿಗೆ ಹೇಳಿದರು. ಅಷ್ಟರಲ್ಲಿ ಹೊರಗೆ ನೇತಾಡುತ್ತಿದ್ದ ಲಾಡಿಯೊಂದು ಕಣ್ಣಿಗೆ ಬಿತ್ತು. ಎಳೆದರು. ನನ್ನ ಲಂಗ ಬಂತು, ಅದರ ಬೆನ್ನಿಗೆ ಅಕ್ಕನ ರವಿಕೆ, ಕೊನೆಗೆ ಭಾವನ ಪಟ್ಟಾಪಟ್ಟಿ ಚಡ್ಡಿ. ಡ್ರೈವರು ಹೇಳಿದ ಕೆಲಸ ಮಾಡಿದ. ಫೋಟೋ ತೆಗೆದ.

"ಏನಮ್ಮಾ ಇದು?"

"ಮೇಲೆ ಹಾಕ್ಬೇಡಿ ಅಂದಿದ್ರಿ ಸಾಹೇಬ್ರೇ. ಒಳಗಿಟ್ವಿ."

"ಇವತ್ತೇ ವರದಿ ಬರೀತೀನಿ. ಕೋಣೆ ಖಾಲಿ ಮಾಡಿ."

ಜನ್ಮದಲ್ಲಿ ಮೇಲಿನವರಿಗೆ ಎದುರಾಡದ ಭಾವ ಗಂಟಲು ಸರಿಮಾಡಿಕೊಂಡರು. "ಬರೀರಿ ಸಾರ್. ಸಾಕ್ಷಿಗೆ ಈ ಫೋಟೋನೇ ಹಾಕ್ಬೇಕಾಗುತ್ತೆ, ಅಲ್ವಾ?"

ಸಾಹೇಬರು ಕೈಯಲ್ಲಿದ್ದ ಚಡ್ಡಿ ನೋಡಿದರು, ಡ್ರೈವರನ್ನು ನೋಡಿದರು. ಅವನು ಕಡಲಿನ ಕಡೆ ತಿರುಗಿ ನಿಂತಿದ್ದ. ಭುಜ ಮಾತ್ರ ಕುಣಿಯುತ್ತಿತ್ತು. ಸಾಹೇಬರು ಚಡ್ಡಿಯನ್ನು ಭಾವನ ಕೈಗಿಟ್ಟು, ಹೋಗಿ ಜೀಪು ಹತ್ತಿದರು.

ವರದಿ ಬರಲಿಲ್ಲ, ಕೋಣೆ ಉಳಿಯಿತು. ಡ್ರೈವರು ಗುಟ್ಟಾಗಿ ತಂದುಕೊಟ್ಟ ಫೋಟೋ ಅಕ್ಕನ ಗೋಡೆಯಲ್ಲಿದೆ. ಅದನ್ನು ನೋಡಿದಾಗಲೆಲ್ಲ ಅವಳಿಗೆ ಒಂದೇ ಕೊರಗು: "ಮಾನವಂತ ಚಡ್ಡಿ ಇನ್ನೊಂದು ಒಳಗೇ ಇತ್ತು ಕಣೆ. ಸಾಹೇಬ್ರ ಕೈಗೆ ಆ ತೂತು ಬಿದ್ದಿದ್ದೇ ಸಿಗ್ಬೇಕಾ?"