ಈರುಳ್ಳಿ ಮುಗಿಯೋ ತನಕ

ನಾನು ಮೂರನೇ ಕ್ಲಾಸಿನಲ್ಲಿದ್ದ ಕಾಲದಲ್ಲಿ, ಶಿವನಿ ಕಡೆಯ ನಮ್ಮೂರಲ್ಲಿ ಗೌರಿಹಬ್ಬ ಕಳೆಯಿತೆಂದರೆ ಊರಿಗೆ ಊರೇ ಈರುಳ್ಳಿ ನಾರುತ್ತಿತ್ತು. ಅಂಗಳ, ಜಗಲಿ, ಶಾಲೆಯ ಕಟ್ಟೆ ಎಲ್ಲ ಕಡೆ ಕಿತ್ತುತಂದ ಈರುಳ್ಳಿಯ ರಾಶಿ. ಹೆಂಗಸರು ಸಾಲಾಗಿ ಕೂತು ಕುಡುಗೋಲಿನಿಂದ ಸೊಪ್ಪು ಕತ್ತರಿಸುತ್ತಿದ್ದರು. ನಾವು ಹುಡುಗಿಯರು ಅದರ ಸಿಪ್ಪೆಯ ನಡುವೆಯೇ ಕುಂಟೆಬಿಲ್ಲೆ ಆಡುತ್ತಿದ್ದೆವು.

ನನ್ನ ಜೋಡಿ ರತ್ನ. ಕ್ಲಾಸಿನಲ್ಲೂ ಪಕ್ಕದಲ್ಲೇ ಕೂರುತ್ತಿದ್ದಳು. ಅವಳ ಅಪ್ಪ ಕಾಫಿ ತೋಟದ ಕೆಲಸಕ್ಕೆಂದು ಘಟ್ಟಕ್ಕೆ ಹೋದವನು ತಿರುಗಿ ಬಂದಿರಲಿಲ್ಲ. ಅವಳ ಅವ್ವ ನಮ್ಮ ಹೊಲಕ್ಕೇ ಕೂಲಿಗೆ ಬರುತ್ತಿದ್ದಳು. ಶಾಲೆಯಲ್ಲಿ ಬಿಸಿಯೂಟ ಆಗಷ್ಟೇ ಶುರುವಾಗಿತ್ತು. ರತ್ನ ಅನ್ನವನ್ನು ತಟ್ಟೆಯ ತುಂಬ ಹರಡಿಕೊಂಡು, ಎಲ್ಲರೂ ಎದ್ದಮೇಲೂ ಕೂತು ಉಣ್ಣುತ್ತಿದ್ದಳು.

ಆ ವರ್ಷದ ಆಷಾಢದಲ್ಲಿ ನಮ್ಮಜ್ಜಿ ತೀರಿಕೊಂಡಳು. ಎಂಟು ತಿಂಗಳ ನನ್ನ ತಮ್ಮ ಮಧುವನ್ನು ನೋಡಿಕೊಳ್ಳುತ್ತಿದ್ದವಳು ಅವಳೇ. ಈರುಳ್ಳಿ ಕೀಳುವ ಹೊತ್ತಿಗೆ ಅವ್ವ ಹೊಲಕ್ಕೆ ಹೋಗಲೇಬೇಕಾಯಿತು. ನನ್ನನ್ನು ನಾಲ್ಕು ದಿನ ಶಾಲೆ ಬಿಡಿಸಿದಳು. ಕೂಸನ್ನು ಸೊಂಟದ ಮೇಲೆ ಹೊತ್ತು ಬೀದಿ ಬಾಗಿಲಲ್ಲಿ ನಿಂತರೆ ಮಕ್ಕಳು ಮಗ್ಗಿ ಹೇಳುವುದು ಕೇಳಿಸುತ್ತಿತ್ತು. ಇನ್ನು ನನ್ನನ್ನು ಶಾಲೆಗೆ ಕಳಿಸುವುದೇ ಇಲ್ಲವೆಂಬ ಭಯ ಹುಟ್ಟಿತು. ಐದನೇ ದಿನ ಮುದ್ದೆ ತಿರುವುತ್ತಿದ್ದ ಅವ್ವನ ಹತ್ತಿರ ಹೋಗಿ ನಾನೇ ಹೇಳಿದೆ: "ರತ್ನ ಕೂಸನ್ನ ಚೆನ್ನಾಗಿ ಆಡಿಸ್ತಾಳೆ ಕಣವ್ವ."

ಅವ್ವ ಮಾರನೆಯ ದಿನವೇ ರತ್ನನ ತಾಯಿಯ ಜೊತೆ ಮಾತಾಡಿದಳು. ಎರಡು ಹೊತ್ತು ಊಟ, ಹಬ್ಬಕ್ಕೊಂದು ಲಂಗ. ಈರುಳ್ಳಿ ಮುಗಿಯೋ ತನಕ ಅಷ್ಟೇ ಎಂದಳು. ಆ ತಾಯಿ ಬೇಡವೆನ್ನಲಿಲ್ಲ.

ಮೊದಮೊದಲು ನಾನು ಸಂಜೆ ಬರುವುದನ್ನೇ ರತ್ನ ಕಾಯುತ್ತಿದ್ದಳು. ಮಧುವನ್ನು ಕಂಕುಳಲ್ಲಿ ಇಟ್ಟುಕೊಂಡೇ ನನ್ನ ಪುಸ್ತಕ ತೆಗೆದು, ಇವತ್ತು ಎಲ್ಲಿಗೆ ಬಂತು ಎಂದು ಕೇಳುತ್ತಿದ್ದಳು. ನಾನು ತೋರಿಸುತ್ತಿದ್ದೆ. ಆಮೇಲೆ ನನಗೆ ಬೇಸರವಾಯಿತು. ಹೊರಗೆ ಆಟದ ಗಲಾಟೆ ಕೇಳಿದರೆ, ನಾಳೆ ಹೇಳಿಕೊಡ್ತೀನಿ ಎಂದು ಓಡುತ್ತಿದ್ದೆ. ಕೆಲವು ವಾರ ಕಳೆದಮೇಲೆ ಅವಳು ಕೇಳುವುದನ್ನು ಬಿಟ್ಟಳು.

ಈರುಳ್ಳಿ ಲಾರಿ ಹತ್ತಿತು. ಅಷ್ಟರಲ್ಲಿ ರಾಗಿ ಕೊಯ್ಲು ಬಂತು. ಅದೂ ಮುಗಿದಾಗ ಮಧು ಗೋಡೆ ಹಿಡಿದು ನಡೆಯುತ್ತಿದ್ದ, ಒಂದು ಗಳಿಗೆ ಬಿಟ್ಟಿರುವಂತಿರಲಿಲ್ಲ. ರತ್ನ ನಮ್ಮ ಮನೆಯಲ್ಲೇ ಉಳಿದಳು. ಪಾತ್ರೆ ಬೆಳಗುವುದೂ ಯಾವಾಗಲೋ ಅವಳ ಕೆಲಸವಾಗಿತ್ತು.

ಒಂದು ಶನಿವಾರ ಮಧ್ಯಾಹ್ನ ಮೇಷ್ಟ್ರು ನಮ್ಮ ಬೀದಿಗೆ ಬಂದರು. ಶಾಲೆ ಬಿಟ್ಟ ಮಕ್ಕಳ ಮನೆಮನೆಗೆ ಹೋಗಿ ಕರೆತರುತ್ತಿದ್ದಾರೆಂದು ಎಲ್ಲರಿಗೂ ಗೊತ್ತಿತ್ತು. ಅವ್ವ ಕಿಟಕಿಯಿಂದ ಕಂಡವಳೇ ರತ್ನನನ್ನು ಕೂಸಿನ ಸಮೇತ ನಡುಮನೆಗೆ ಕಳಿಸಿ ಬಾಗಿಲು ಮುಂದೆ ಮಾಡಿದಳು. ನನ್ನ ತೋಳು ಹಿಡಿದು ಮೆಲ್ಲಗೆ ಹೇಳಿದಳು: "ಹಿರೇನಲ್ಲೂರಿಗೆ ಅವ್ರತ್ತೆ ಮನೆಗೆ ಹೋಗವ್ಳೆ ಅನ್ನು. ಇಲ್ದಿದ್ರೆ ನಾಳೆಯಿಂದ ನೀನೇ ಎತ್ಕೋಬೇಕು."

ಮೇಷ್ಟ್ರು ಜಗಲಿಯ ಮೇಲೆ ಕೂತು ಬೆವರು ಒರೆಸಿಕೊಂಡರು. ರತ್ನ ನಿಮ್ಮನೇಲಿ ಇದಾಳಂತೆ, ಹೌದೇನಮ್ಮ ಎಂದರು. ನಾನು ಅವ್ವ ಹೇಳಿಕೊಟ್ಟಿದ್ದನ್ನು ಒಪ್ಪಿಸಿದೆ. ಅವರು ನನ್ನ ಮುಖ ನೋಡಿ ಕೇಳಿದರು:

"ಅಲ್ಲಿ ಶಾಲೆಗೆ ಸೇರಿಸಿದಾರಾ?"

"ಹೂಂ ಸಾರ್. ದಿನಾ ಹೋಗ್ತಾಳಂತೆ."

ಇದನ್ನು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಮೇಷ್ಟ್ರ ಮುಖ ಹಗುರಾಯಿತು. ಒಳ್ಳೇದಾಯ್ತು ಬಿಡು, ಎಲ್ಲಾದ್ರೂ ಓದಲಿ ಎಂದು ನೀರು ಕುಡಿದು ಎದ್ದರು. ಮತ್ತೆ ಅವಳನ್ನು ಹುಡುಕಿಕೊಂಡು ಬರಲಿಲ್ಲ.

ನಾನು ಒಳಗೆ ಹೋದೆ. ರತ್ನ ಬಾಗಿಲ ಹಿಂದೆಯೇ ನೆಲದ ಮೇಲೆ ಕೂತಿದ್ದಳು, ಮಧು ಅವಳ ತೊಡೆಯ ಮೇಲಿದ್ದ. "ಹೋದ್ರಾ?" ಎಂದಳು. ಹೂಂ ಎಂದೆ. ಕೂಸನ್ನು ತೊಟ್ಟಿಲಿಗೆ ಹಾಕಿ ಹಿತ್ತಿಲಿಗೆ ಹೋದಳು. ಪಾತ್ರೆಯ ಸದ್ದು ಕೇಳಿಸಿತು. ಅವತ್ತು ಅವ್ವ ನನಗೆ ಬೆಲ್ಲ ಕೊಟ್ಟಳು, ತಿಂದೆ.

ಮಧು ಅಂಗನವಾಡಿಗೆ ಹೋಗುವವರೆಗೆ ರತ್ನ ನಮ್ಮಲ್ಲಿದ್ದಳು. ಆಮೇಲೆ ಬೇರೆಯವರ ಮನೆ, ಬೇರೆಯವರ ಕೂಸು. ನಾನು ಅಜ್ಜಂಪುರದಲ್ಲಿ ಹೈಸ್ಕೂಲು ಓದುವಾಗ ಅವಳನ್ನು ಲಿಂಗದಹಳ್ಳಿ ಕಡೆ ಮದುವೆ ಮಾಡಿಕೊಟ್ಟರಂತೆ. ಹದಿನಾರೂ ತುಂಬಿರಲಿಲ್ಲ.

ಈಗ ನಾನು ತರೀಕೆರೆಯಲ್ಲಿ ನರ್ಸ್. ಹೋದ ವರ್ಷ ಔಷಧಿ ಕೊಡುವ ಕಡೆ ನಿಂತಿದ್ದಾಗ ಒಬ್ಬಾಕೆ ಚೀಟಿ ಚಾಚಿ, ಬೆಳಗ್ಗೇದು ಯಾವ್ದು ರಾತ್ರೀದು ಯಾವ್ದು ಬಾಯಲ್ಲೇ ಹೇಳ್ಬಿಡಿ ಎಂದಳು. ತಲೆಯೆತ್ತಿದೆ. ಇಬ್ಬರಿಗೂ ಒಟ್ಟಿಗೇ ಗುರುತು ಹತ್ತಿತು. ನನಗಿಂತ ಹತ್ತು ವರ್ಷ ದೊಡ್ಡವಳಂತೆ ಕಾಣುತ್ತಿದ್ದಳು.

ಹೊರಗಿನ ಬೆಂಚಿನ ಮೇಲೆ ಕೂತೆವು. ಅವಳು ಮೊದಲು ಕೇಳಿದ್ದು ಮಧುವನ್ನು. ಎಷ್ಟು ಎತ್ತರ ಆಗವ್ನೆ, ಈಗಲೂ ಮೊಸರು ಕಂಡ್ರೆ ಆಗಲ್ವಾ ಎಂದೆಲ್ಲ. ಅವನಿಗೆ ಅವಳ ನೆನಪೇ ಇಲ್ಲವೆಂದು ಹೇಳಲಾಗಲಿಲ್ಲ. ಬದಲಿಗೆ ಆ ಶನಿವಾರದ ಮಾತು ತೆಗೆದೆ. ತಪ್ಪಾಯಿತು ಎನ್ನುವಷ್ಟರಲ್ಲಿ ಅವಳು ನನ್ನ ಕೈ ಮುಟ್ಟಿ ತಡೆದಳು.

"ಎಲ್ಲಾ ಕೇಳಿಸ್ತಿತ್ತು ಕಣೇ. ನಾನಿಲ್ಲೇ ಇದೀನಿ ಸಾರ್ ಅಂತ ಕೂಗಾನ ಅಂತ ಬಾಯಿ ತೆಗ್ದಿದ್ದೆ. ಕೂಸು ಆಗ್ತಾನೆ ನಿದ್ದೆ ಹೋಗಿತ್ತು. ಎದ್ಬಿಡ್ತದೆ ಅಂತ ಸುಮ್ನಾದೆ."

ಬಸ್ಸಿಗೆ ಹೊತ್ತಾಯಿತೆಂದು ಮಾತ್ರೆಯ ಪೊಟ್ಟಣ ಸೆರಗಿಗೆ ಗಂಟುಹಾಕಿಕೊಂಡು ಹೊರಟಳು. ಫೋನ್ ನಂಬರು ಬರೆದುಕೊಟ್ಟೆ. ಇದುವರೆಗೆ ಅವಳಿಂದ ಫೋನು ಬಂದಿಲ್ಲ. ಮೇಷ್ಟ್ರು ತೀರಿಕೊಂಡು ಬಹಳ ವರ್ಷವಾಯಿತು. ಅವರಿಗೆ ನಿಜ ಹೇಳುವಂತೆಯೂ ಇಲ್ಲ. ಆ ಬಾಗಿಲ ಹಿಂದೆ ಕೂತಿದ್ದವಳಿಗೆ ಎಂಟು ವರ್ಷ. ಬೇರೆಯವರ ಕೂಸಿನ ನಿದ್ದೆಯ ಮುಂದೆ ತನ್ನ ಶಾಲೆ ಏನೂ ಅಲ್ಲವೆಂದು ಆಗಲೇ ಅವಳು ಕಲಿತಾಗಿತ್ತು. ಕಲಿಸಿದವರು ನಾವು.