ಮಗಳನ್ನು ಕೇಳಿದ ಪ್ರಶ್ನೆ

ಗೆಳೆಯರೇ, ಇಂದು ನನ್ನ ಮಗಳ ದಿನಕರ್ಮಕ್ಕೆ ಹಡಗಲಿ, ಚಿಗಟೇರಿಗಳಿಂದ ಬಂದ ನಿಮಗೆಲ್ಲ ವಂದನೆ. ಅನುಕಂಪ ಮಾತ್ರ ಬೇಡ.

ಊಟದ ಹೊತ್ತಿಗೆ ನಮ್ಮ ಮನೆಯ ಡಾಕ್ಟರು ಬಂದರು. ನನ್ನ ಹೆಂಡತಿಯ ತಮ್ಮ ಅವರನ್ನು ಬಾಗಿಲಲ್ಲೇ ತಡೆದ: “ತೂಕ ಇಳಿಸೋ ಆಪರೇಷನ್ನಿಗೆ ಚೀಟಿ ಬರೆದವ್ರು ನೀವ ಅಲ್ಲೇನ್ರಿ? ಆಕಿ ಬೊಂಬಾಯಿಂದ ಹೆಣ ಆಗಿ ಬಂದ್ಳು.” ಬಳಿಕ ದೂರಿನ ಕಾಗದವನ್ನು ನನ್ನತ್ತ ಚಾಚಿದ: “ಸಹಿ ಮಾಡ್ರಿ ಮಾವಾರ.”

ನಾನು ಕೇಳಿದಾಗ ಡಾಕ್ಟರು ಎರಡು ಸಲ ಆ ಶಿಫಾರಸು ಚೀಟಿ ಬರೆಯಲು ನಿರಾಕರಿಸಿದ್ದರು. ಮೂರನೆಯ ಸಲ ಮಗಳನ್ನೇ ಕೇಳಿದರು: “ನಿನಗ ಬೇಕೇನವ್ವಾ?” ಅವಳು ಬಾಯಿ ತೆರೆಯುವ ಮೊದಲೇ ನಾನು, ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ ನಿಂತವನಂತೆ, ಅರ್ಧ ಗಂಟೆ ವಾದಿಸಿ ಗೆದ್ದೆ. ಅವಳ ಉತ್ತರವೇನಿತ್ತೆಂದು ನನಗೆ ಇಂದಿಗೂ ಗೊತ್ತಿಲ್ಲ.

ಆ ದೂರಿಗೆ ನಾನು ಸಹಿ ಹಾಕುವುದಿಲ್ಲ. ನಾಳೆ ಬಿ.ಪಿ. ತೋರಿಸಲು ಅದೇ ಡಾಕ್ಟರಲ್ಲಿಗೆ ಹೋಗುತ್ತೇನೆ, ಅವರು ನನ್ನನ್ನು ಕೇಳಿದ್ದಕ್ಕಷ್ಟೇ ಉತ್ತರಿಸುತ್ತೇನೆ.